ಮುಂಗುಸಿ ನಾಯಿಯಾದ ಊರು

ತಾಯಿ ನೀರಿಗೆ ಹೋಗಿದ್ದಾಳೆ. ತೊಟ್ಟಿಲಲ್ಲಿ ಮಗು, ಕಾವಲಿಗೆ ಸಾಕಿದ ಮುಂಗುಸಿ. ಹಾವು ಬರುತ್ತದೆ. ಮುಂಗುಸಿ ಅದನ್ನು ತುಂಡು ತುಂಡು ಮಾಡುತ್ತದೆ. ಆಮೇಲೆ ಬಾಯೆಲ್ಲ ರಕ್ತ ಮಾಡಿಕೊಂಡು, ಖುಷಿಯಿಂದ ಬಾಗಿಲಿಗೆ ಓಡಿ ಬರುತ್ತದೆ. ತಾಯಿ ಕಣ್ಣಿಗೆ ಬೀಳುವುದು ಬರೀ ರಕ್ತ. ತುಂಬಿದ ಕೊಡವನ್ನು ಅದರ ಮೇಲೆ ಎತ್ತಿ ಹಾಕುತ್ತಾಳೆ. ಒಳಗೆ ಹೋಗಿ ನೋಡಿದರೆ ಮಗು ನಗುತ್ತಾ ಆಡುತ್ತಿದೆ, ತೊಟ್ಟಿಲ ಕೆಳಗೆ ಹಾವು ಸತ್ತು ಬಿದ್ದಿದೆ.

ಈ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಕೇಳಿದ ದಿನ ರಾತ್ರಿ ಮುಂಗುಸಿಗಾಗಿ ಅತ್ತವರೂ ಇದ್ದಾರೆ. ನಾನೂ ಅತ್ತಿದ್ದೆ. 'ಆತುರಗಾರನಿಗೆ ಬುದ್ಧಿ ಮಟ್ಟ' ಅಂತ ಹೇಳಿ ದೊಡ್ಡವರು ಕಥೆ ಮುಗಿಸುತ್ತಿದ್ದರು. ಮುಂಗುಸಿಯನ್ನು ಎಲ್ಲಿ ಹೂತರು ಅಂತ ಮಾತ್ರ ಯಾರೂ ಹೇಳಲಿಲ್ಲ.

ಅದನ್ನು ಹೂತ ಜಾಗ ಅಂತ ತೋರಿಸುವ ಒಂದು ಊರು ಭೂಮಿಯ ಮೇಲೆ ಇದೆ. ಆದರೆ ಅದು ನಮ್ಮ ದೇಶದಲ್ಲಿಲ್ಲ, ಬ್ರಿಟನ್ನಿನ ಪಶ್ಚಿಮದಲ್ಲಿರುವ ವೇಲ್ಸ್‌ನಲ್ಲಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ಮುಂಗುಸಿ ನಾಯಿಯಾಗಿದೆ, ಹಾವು ತೋಳವಾಗಿದೆ, ಮನೆ ಅರಮನೆಯಾಗಿದೆ, ಕೊಡದ ಜಾಗಕ್ಕೆ ಕತ್ತಿ ಬಂದಿದೆ. ಊರಿನ ಹೆಸರು ಬೆದ್‌ಗೆಲೆರ್ಟ್.

ವೇಲ್ಸ್‌ನ ವಾಯವ್ಯ ಮೂಲೆಯಲ್ಲಿ ಗ್ವಿನೆದ್ ಅನ್ನುವ ಪ್ರಾಂತ್ಯವಿದೆ. ಅಲ್ಲಿನ ಬೆಟ್ಟಗಳ ಸಾಲಿಗೆ ವೆಲ್ಶ್ ಭಾಷೆಯಲ್ಲಿ ಎರಿರಿ ಎಂದೂ ಇಂಗ್ಲಿಷಿನಲ್ಲಿ ಸ್ನೋಡೋನಿಯಾ ಎಂದೂ ಹೆಸರು. ಆ ಬೆಟ್ಟಗಳ ನಡುವೆ ಗ್ಲಾಸ್‌ಲಿನ್ ಮತ್ತು ಕೋಲ್ವಿನ್ ಎಂಬ ಎರಡು ಹೊಳೆಗಳು ಕೂಡುವ ಕಡೆ ಈ ಊರು ಕೂತಿದೆ. ಬೂದು ಕಲ್ಲಿನ ಮನೆಗಳು, ಒಂದು ಹಳೆಯ ಕಲ್ಲುಸೇತುವೆ, ಸುತ್ತ ಕುರಿ ಮೇಯುವ ಇಳಿಜಾರು. ಅಕ್ಕಪಕ್ಕದ ಕಣಿವೆಗಳ ಮನೆಗಳನ್ನು ಸೇರಿಸಿ ಎಣಿಸಿದರೂ ಐನೂರು ಜನ ಆಗುವುದು ಕಷ್ಟ.

ಊರ ಚರ್ಚಿನ ಹತ್ತಿರದಿಂದ ಹೊಳೆಯ ದಂಡೆ ಹಿಡಿದು ಐದಾರು ನಿಮಿಷ ನಡೆದರೆ ಒಂದು ಹುಲ್ಲುಗಾವಲು ಸಿಗುತ್ತದೆ. ಅಲ್ಲಿ ಒಂದು ಮರ, ಸುತ್ತ ಬೇಲಿ. ಬೇಲಿಯೊಳಗೆ ನೆಟ್ಟ ಕಲ್ಲುಗಳು ಮತ್ತು ಬರಹ ಕೆತ್ತಿದ ಸ್ಲೇಟು ಕಲ್ಲು. ವೆಲ್ಶ್‌ನಲ್ಲೂ ಇಂಗ್ಲಿಷಿನಲ್ಲೂ ಕಥೆಯನ್ನು ಅಲ್ಲೇ ಕೆತ್ತಿದ್ದಾರೆ.

ಕಲ್ಲು ಹೇಳುವ ಕಥೆ ಇಷ್ಟು. 13ನೇ ಶತಮಾನದಲ್ಲಿ ಉತ್ತರ ವೇಲ್ಸ್‌ನ ರಾಜ ಲೆವೆಲಿನ್‌ಗೆ ಇಲ್ಲೊಂದು ಅರಮನೆ ಇತ್ತು. ಅವನ ಮೆಚ್ಚಿನ ಬೇಟೆನಾಯಿ ಗೆಲೆರ್ಟ್. ಒಂದು ದಿನ ಬೇಟೆಗೆ ಹೊರಟಾಗ ಗೆಲೆರ್ಟ್ ಎಲ್ಲೂ ಕಾಣಲಿಲ್ಲ. ರಾಜ ಅದನ್ನು ಬಿಟ್ಟೇ ಹೋದ. ತಿರುಗಿ ಬಂದಾಗ ಮೈಯೆಲ್ಲ ರಕ್ತವಾದ ನಾಯಿ ಕುಣಿಯುತ್ತಾ ಎದುರು ಬಂತು. ರಾಜನ ಎದೆ ಧಸಕ್ಕೆಂದಿತು. ಮಗುವಿನ ಕೋಣೆಗೆ ಓಡಿದ. ತೊಟ್ಟಿಲು ಖಾಲಿ, ಹಾಸಿಗೆಯ ಮೇಲೂ ನೆಲದ ಮೇಲೂ ರಕ್ತ. ಕತ್ತಿ ಹಿರಿದು ನಾಯಿಯ ಪಕ್ಕೆಗೆ ತಿವಿದುಬಿಟ್ಟ. ನಾಯಿಯ ಕೊನೆಯ ಕೂಗಿಗೆ ಉತ್ತರವೆಂಬಂತೆ ಮಗುವಿನ ಅಳು ಕೇಳಿಸಿತು. ಹುಡುಕಿದರೆ ಮಗು ಸುರಕ್ಷಿತವಾಗಿದೆ, ಪಕ್ಕದಲ್ಲಿ ದೊಡ್ಡ ತೋಳವೊಂದು ಸತ್ತು ಬಿದ್ದಿದೆ. ಆ ದಿನದಿಂದ ರಾಜ ನಗಲೇ ಇಲ್ಲವಂತೆ.

ಗೆಲೆರ್ಟ್ ಗ್ರೇಹೌಂಡ್ ಜಾತಿಯ ನಾಯಿ ಅಂತ ಹೇಳುತ್ತಾರೆ. ನಮ್ಮ ಮುಧೋಳ ನಾಯಿಯನ್ನು ನೋಡಿದವರಿಗೆ ಆ ಆಕಾರ ಕಣ್ಣಿಗೆ ಕಟ್ಟುತ್ತದೆ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಬಾಣದಂಥ ಮೂತಿ. ಇಂಗ್ಲೆಂಡಿನ ರಾಜ ಜಾನ್ ಅದನ್ನು ಲೆವೆಲಿನ್‌ಗೆ ಉಡುಗೊರೆ ಕೊಟ್ಟಿದ್ದ ಎಂಬ ಮಾತೂ ಇದೆ. ಲೆವೆಲಿನ್ ನಿಜವಾಗಿ ಬಾಳಿದ ರಾಜ. ಅವನ ಪೂರ್ತಿ ಹೆಸರು ಲೆವೆಲಿನ್ ಅಪ್ ಯೋರ್ವರ್ತ್. ಜನ ಅವನನ್ನು ಮಹಾ ಲೆವೆಲಿನ್ ಅಂತ ಕರೆದರು. 1205ರಲ್ಲಿ ಅವನು ಜಾನ್ ರಾಜನ ಮಗಳು ಜೋನ್‌ಳನ್ನು ಮದುವೆಯಾದ, 1240ರಲ್ಲಿ ತೀರಿಕೊಂಡ. ಹೆಣ್ಣು ಕೊಟ್ಟ ಮಾವ ಅಳಿಯನಿಗೆ ಒಂದು ನಾಯಿ ಕೊಟ್ಟ ಅಂದರೆ ಯಾರಾದರೂ ನಂಬುವಂಥ ಮಾತೇ, ಅಲ್ವಾ?

ಹೀಗೆ ಕಥೆಗೆ ಒಬ್ಬ ನಿಜವಾದ ರಾಜ ಇದ್ದಾನೆ, ನಿಜವಾದ ಊರು ಇದೆ, ಮುಟ್ಟಿ ನೋಡಬಹುದಾದ ಕಲ್ಲೂ ಇದೆ. ಊರಿನ ಹೆಸರೂ ಸಾಕ್ಷಿ ಹೇಳುವಂತಿದೆ. ವೆಲ್ಶ್ ಭಾಷೆಯಲ್ಲಿ 'ಬೆದ್' ಅಂದರೆ ಸಮಾಧಿ. ಬೆದ್‌ಗೆಲೆರ್ಟ್ ಅಂದರೆ ಗೆಲೆರ್ಟನ ಸಮಾಧಿ.

ಆದರೆ ಆ ಹೆಸರನ್ನೇ ಸ್ವಲ್ಪ ಬಿಡಿಸಿ ನೋಡಿದರೆ ಬೇರೆ ವಿಷಯ ಹೊರಬರುತ್ತದೆ.

ಶಾಲೆಯಲ್ಲಿ ಆದೇಶ ಸಂಧಿ ಕಲಿತದ್ದು ನೆನಪಿದೆಯಾ? ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಎರಡನೆಯ ಪದದ ಮೊದಲಲ್ಲಿರುವ ಕ, ತ, ಪಗಳು ಗ, ದ, ಬ ಆಗುತ್ತವೆ. ವೆಲ್ಶ್ ಭಾಷೆಯಲ್ಲೂ ಹೀಗೇ ಆಗುತ್ತದೆ. ಅದೇ ಕ, ತ, ಪ, ಅದೇ ಗ, ದ, ಬ. ಆ ಭಾಷೆಗೂ ಕನ್ನಡಕ್ಕೂ ಯಾವ ನಂಟೂ ಇಲ್ಲ. ಬಾಯಿಗೆ ಸುಲಭವಾದ ದಾರಿಯನ್ನು ಎರಡೂ ಭಾಷೆಗಳು ಬೇರೆ ಬೇರೆಯಾಗಿ ಹಿಡಿದಿವೆ. ಟುಡ್ನೋ ಎಂಬ ಸಂತನ ಚರ್ಚು ಇರುವ ಊರು ಲಾನ್‌ಡುಡ್ನೋ ಆಗಿದೆ. 'ಟ' ಹೋಗಿ 'ಡ' ಬಂದಿದೆ. ಪೆಡ್ರ್ ಅಂದರೆ ಪೀಟರ್. ಅವನ ಚರ್ಚಿನ ಊರು ಲಾನ್‌ಬೆಡ್ರ್.

ಈಗ ಬೆದ್‌ಗೆಲೆರ್ಟ್ ಹೆಸರನ್ನು ಅದೇ ರೀತಿ ಬಿಡಿಸಿ. ಸಂಧಿ ಬಿಟ್ಟರೆ 'ಗ' ಹೋಗಿ 'ಕ' ಬರುತ್ತದೆ. ಬೆದ್ ಮತ್ತು ಕೆಲೆರ್ಟ್. ಊರಿನ ಹೆಸರು ಕಾಣುವ ಹಳೆಯ ದಾಖಲೆಗಳಲ್ಲಿ ಈ 'ಕ' ಉಳಿದುಕೊಂಡಿದೆ. 1258ರ ಕಾಗದದಲ್ಲಿ 'ಬೆಕೆಲೆರ್ಟ್' ಅಂತ ಬರೆದಿದೆ, 1269ರದರಲ್ಲಿ 'ಬೆದ್‌ಕೆಲೆರ್ದ್' ಅಂತ. ಅಂದರೆ ಸಮಾಧಿಯಲ್ಲಿರುವುದು ಗೆಲೆರ್ಟ್ ಎಂಬ ನಾಯಿಯಲ್ಲ, ಕೆಲೆರ್ಟ್ ಎಂಬ ಮನುಷ್ಯ. 8ನೇ ಶತಮಾನದ ಸುಮಾರಿಗೆ ಇಲ್ಲಿ ಬಂದು ನೆಲೆಸಿದ ಕ್ರೈಸ್ತ ಸಾಧು ಅವನು ಎಂದು ಊರವರು ಹೇಳುತ್ತಾರೆ.

ಸಾಧುವಿನ ಮಾತು ಈ ಊರಿಗೆ ಚೆನ್ನಾಗಿ ಹೊಂದುತ್ತದೆ. ಯಾಕೆಂದರೆ ಬೆದ್‌ಗೆಲೆರ್ಟ್ ನಾಯಿಯಿಂದ ಹೆಸರಾಗುವ ಎಷ್ಟೋ ಮೊದಲು ಮಠದಿಂದ ಹೆಸರಾಗಿತ್ತು. ಬೆಟ್ಟದ ಬುಡದಲ್ಲಿ, ಹೊಳೆಗಳ ಸಂಗಮದಲ್ಲಿ ಕ್ರೈಸ್ತ ಸನ್ಯಾಸಿಗಳ ಪುಟ್ಟ ಗುಂಪೊಂದು ಬಹಳ ಹಿಂದಿನಿಂದ ಇತ್ತು. 13ನೇ ಶತಮಾನದಲ್ಲಿ ಅದು ಅಗಸ್ಟೀನ್ ಪಂಥದ ಮಠವಾಯಿತು. ಇದಕ್ಕೆ ಆಸರೆ ಕೊಟ್ಟವನು ಇದೇ ಲೆವೆಲಿನ್ ಎಂದು ಇತಿಹಾಸಕಾರರು ಭಾವಿಸುತ್ತಾರೆ. ರಾಜನಿಗೂ ಈ ಊರಿಗೂ ನಿಜವಾಗಿ ಇದ್ದ ನಂಟು ಇದು. ಅವನ ಮುಖ್ಯ ಅರಮನೆ ಇದ್ದದ್ದು ಇಲ್ಲಲ್ಲ, ಉತ್ತರ ಕರಾವಳಿಯ ಅಬೆರ್ ಎಂಬಲ್ಲಿ.

ಬೆಟ್ಟ ದಾಟಿ ಹೋಗುವ ದಾರಿಹೋಕರಿಗೆ ಊಟ, ಹಾಸಿಗೆ ಕೊಡುವುದು ಮಠದ ದೊಡ್ಡ ಕೆಲಸವಾಗಿತ್ತು. 1280ರ ದಶಕದಲ್ಲಿ ಮಠಕ್ಕೆ ಬೆಂಕಿ ಬಿತ್ತು. ಇಂಗ್ಲೆಂಡಿನ ಒಂದನೇ ಎಡ್ವರ್ಡ್ ವೇಲ್ಸನ್ನು ಗೆದ್ದುಕೊಂಡ ಕಾಲ ಅದು. ಮಠವನ್ನು ಮತ್ತೆ ಕಟ್ಟಲು ನೆರವಾಗಿ ಎಂದು ಬ್ಯಾಂಗರ್‌ನ ಬಿಷಪ್ ಅನಿಯಾನ್ 1286ರಲ್ಲಿ ಒಂದು ಪತ್ರ ಹೊರಡಿಸಿದರು. ಎನ್‌ಲಿ ದ್ವೀಪದ ಮಠವೊಂದನ್ನು ಬಿಟ್ಟರೆ ಇಡೀ ವೇಲ್ಸ್‌ನಲ್ಲಿ ಇದೇ ಹಳೆಯದು ಎಂದು ಅದರಲ್ಲಿ ಬರೆದರು. ಎಂಟನೇ ಹೆನ್ರಿ 1530ರ ದಶಕದಲ್ಲಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಇದೂ ಮುಚ್ಚಿತು. ಮಠದ ಚರ್ಚು ಮಾತ್ರ ಊರಿನ ಚರ್ಚಾಗಿ ಉಳಿಯಿತು. ಅದರ ಪೂರ್ವದ ಗೋಡೆಯಲ್ಲಿ ಮೂರು ನೀಳವಾದ ಕಿಟಕಿಗಳಿವೆ. ಅವು 13ನೇ ಶತಮಾನದವು. ಲೆವೆಲಿನ್‌ನ ಕಾಲವನ್ನು ಕಾಣಬೇಕು ಅಂದರೆ ನಾಯಿಯ ಕಲ್ಲಿಗಿಂತ ಆ ಕಿಟಕಿಗಳ ಮುಂದೆ ನಿಲ್ಲುವುದು ಜಾಸ್ತಿ ಸರಿ.

ಹಾಗಾದರೆ ಸಾಧುವಿನ ಸಮಾಧಿ ನಾಯಿಯ ಸಮಾಧಿ ಆದದ್ದು ಹೇಗೆ?

ಮಠ ಹೋದ ಮೇಲೆ ಕೆಲೆರ್ಟನ ನೆನಪು ಮಸುಕಾಯಿತು. ಹೆಸರು ಮಾತ್ರ ನಿಂತಿತು. 'ಸಮಾಧಿ' ಎಂಬ ಪದ ಊರಿನ ಹೆಸರಿನಲ್ಲೇ ಇರುವಾಗ ಬಂದವರು ಕೇಳಿಯೇ ಕೇಳುತ್ತಾರೆ, ಯಾರದ್ದು ಅಂತ. ಉತ್ತರವಿಲ್ಲದ ಇಂಥ ಪ್ರಶ್ನೆಗೆ ಜನ ಕಥೆ ಹುಡುಕುತ್ತಾರೆ. ಸ್ಥಳಪುರಾಣಗಳಲ್ಲಿ ಎಷ್ಟೋ ಹುಟ್ಟುವುದೇ ಹೀಗೆ.

18ನೇ ಶತಮಾನದ ಕೊನೆಗೆ ಆ ಪ್ರಶ್ನೆ ಕೇಳುವವರು ಇದ್ದಕ್ಕಿದ್ದ ಹಾಗೆ ಹೆಚ್ಚಾದರು. ಅದುವರೆಗೆ ಇಂಗ್ಲೆಂಡಿನ ಸಿರಿವಂತರ ಮಕ್ಕಳು ಫ್ರಾನ್ಸ್, ಇಟಲಿ ಸುತ್ತಿ ಬರುತ್ತಿದ್ದರು. ಫ್ರಾನ್ಸಿನ ಕ್ರಾಂತಿ, ಅದರ ಹಿಂದೆಯೇ ಬಂದ ಯುದ್ಧ, ಎರಡೂ ಸೇರಿ ಆ ದಾರಿಯನ್ನು ಮುಚ್ಚಿದವು. ಪ್ರವಾಸದ ಚಪಲ ಮಾತ್ರ ಹೋಗಲಿಲ್ಲ. ಕಡಿದಾದ ಬೆಟ್ಟ, ಧುಮುಕುವ ನೀರು, ಪಾಳುಬಿದ್ದ ಕೋಟೆ ನೋಡುವ ಹುಚ್ಚು ಆಗ ತಾನೇ ಹತ್ತಿತ್ತು. ಇವೆಲ್ಲ ಮನೆ ಹತ್ತಿರವೇ, ವೇಲ್ಸ್‌ನಲ್ಲೇ ಸಿಗುತ್ತಿದ್ದವು. ಬಂಡಿಗಳು ಈ ಕಡೆ ತಿರುಗಿದವು.

ಅದೇ ಸಮಯಕ್ಕೆ ದಕ್ಷಿಣ ವೇಲ್ಸ್‌ನಿಂದ ಡೇವಿಡ್ ಪ್ರಿಚರ್ಡ್ ಎಂಬಾತ ಈ ಊರಿಗೆ ಬಂದ. ಗೋಟ್ ಹೋಟೆಲಿನ ಮೊದಲ ಯಜಮಾನ ಅವನು. ಆ ಹೋಟೆಲು ರಾಯಲ್ ಗೋಟ್ ಎಂಬ ಹೆಸರಿನಲ್ಲಿ ಈಗಲೂ ಇದೆ. ಕಥೆ ಹೇಳುವುದರಲ್ಲಿ ಅವನು ಗಟ್ಟಿಗ. ಊರಿನ ಹೆಸರನ್ನೂ ನಾಯಿಯ ಕಥೆಯನ್ನೂ ಗಂಟು ಹಾಕಿ ಅತಿಥಿಗಳಿಗೆ ಹೇಳತೊಡಗಿದ. ಕಥೆ ಕೇಳಿದವರು ಸಮಾಧಿ ತೋರಿಸಿ ಅನ್ನುತ್ತಾರಲ್ಲ? ಅವನೂ ಇನ್ನಿಬ್ಬರು ಊರವರೂ ಸೇರಿ ಹುಲ್ಲುಗಾವಲಿನಲ್ಲಿ ಕಲ್ಲು ನೆಟ್ಟರು. ಈ ಊರಿನ ಐತಿಹ್ಯಗಳನ್ನೆಲ್ಲ ಕೂಡಿಹಾಕಿದ ಡಿ. ಇ. ಜೆಂಕಿನ್ಸ್ 1899ರಲ್ಲಿ ಇದನ್ನು ಬಿಡಿಸಿ ಬರೆದರು. ಆಮೇಲೆ ಇದು ಗುಟ್ಟಾಗಿ ಉಳಿಯಲಿಲ್ಲ.

ಕಲ್ಲಿಗೆ ಜೀವ ತುಂಬಿದ್ದು ಒಂದು ಪದ್ಯ. ವಿಲಿಯಂ ರಾಬರ್ಟ್ ಸ್ಪೆನ್ಸರ್ ಎಂಬ ಇಂಗ್ಲಿಷ್ ಕವಿ 1800ರಲ್ಲಿ ವೇಲ್ಸ್‌ನಲ್ಲಿದ್ದಾಗ ಗೆಲೆರ್ಟನ ಮೇಲೆ ಲಾವಣಿ ಧಾಟಿಯಲ್ಲಿ ಪದ್ಯ ಬರೆದ. ಆ ಕಾಲದ ಯುರೋಪಿನಲ್ಲೇ ದೊಡ್ಡ ಸಂಗೀತಗಾರ ಎನಿಸಿದ್ದ ಜೋಸೆಫ್ ಹೇಡನ್ ಅದನ್ನು ಹಳೆಯ ವೆಲ್ಶ್ ಧಾಟಿಯೊಂದಕ್ಕೆ ಹೊಂದಿಸಿದ. ಬೆಟ್ಟದ ಸಂದಿಯ ಊರಿನ ನಾಯಿಯನ್ನು ಲಂಡನ್ನಿನ ಮನೆಗಳಲ್ಲಿ ಪಿಯಾನೊ ಮುಂದೆ ಕೂತು ಹಾಡುವಂತಾಯಿತು.

ಇಷ್ಟು ತಿಳಿದ ಮೇಲೆ ಕೆಲವರು ಕೈಕೊಡವಿ ಎದ್ದುಬಿಡುತ್ತಾರೆ. ಓ, ಹೋಟೆಲಿನವನು ವ್ಯಾಪಾರಕ್ಕೆ ಕಟ್ಟಿದ ಕಥೆ ಅಷ್ಟೇ, ಅಂತ. ನನಗೆ ಈ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಕಲ್ಲು ಪ್ರಿಚರ್ಡನದ್ದು, ನಿಜ. ಕಥೆ ಅವನದ್ದಲ್ಲ.

1794ರಲ್ಲೇ ಎಡ್ವರ್ಡ್ ಜೋನ್ಸ್ ಎಂಬ ಹಾರ್ಪ್ ವಾದಕ ತನ್ನ ವೆಲ್ಶ್ ಹಾಡುಗಳ ಸಂಗ್ರಹದಲ್ಲಿ ಲೆವೆಲಿನ್ ಮತ್ತು ನಾಯಿಯ ಕಥೆಯನ್ನು ಅಚ್ಚು ಮಾಡಿದ್ದ. ಉತ್ತರ ವೇಲ್ಸ್‌ನಲ್ಲಿ ಜನ ಹೇಳುವ ಕಥೆ ಇದು ಎಂದ. ಇನ್ನೂ ಹಿಂದೆ ಹೋದರೆ ವೆಲ್ಶ್‌ನಲ್ಲಿ ಒಂದು ಹಳೆಯ ಗಾದೆ ಸಿಗುತ್ತದೆ. ತುಂಬ ಪಶ್ಚಾತ್ತಾಪ ಪಡುವವನನ್ನು 'ತನ್ನ ಬೇಟೆನಾಯಿಯನ್ನು ಕೊಂದವನ ಹಾಗೆ' ಅನ್ನುತ್ತಾರೆ. ಅದರಲ್ಲಿ ರಾಜನ ಹೆಸರಿಲ್ಲ, ಊರಿನ ಹೆಸರಿಲ್ಲ. ಹೇಳಿದ ತಕ್ಷಣ ಕೇಳಿದವರಿಗೆ ಗೊತ್ತಾಗುತ್ತಿತ್ತು. ಅಂದರೆ ಕಥೆ ಆಗಲೇ ಮನೆಮಾತಾಗಿತ್ತು. ಜಾನ್ ರೌಸ್ ಎಂಬ ಇಂಗ್ಲಿಷ್ ಪಂಡಿತ 1480ರ ದಶಕದಲ್ಲಿ ಚಿತ್ರಗಳಿರುವ ಒಂದು ಸುರುಳಿ ಮಾಡಿದ್ದ. ಅದರಲ್ಲಿ ವೇಲ್ಸ್‌ನ ಲಾಂಛನವಾಗಿ ತೊಟ್ಟಿಲಲ್ಲಿ ಕೂತ ಬಿಳಿ ಗ್ರೇಹೌಂಡ್ ಇದೆ. ಪ್ರಿಚರ್ಡ್ ಹುಟ್ಟುವ ಎಷ್ಟೋ ತಲೆಮಾರು ಹಿಂದಿನ ಮಾತು ಇದು.

ಹಾಗಾದರೆ ವೇಲ್ಸ್‌ಗೆ ಈ ಕಥೆ ಎಲ್ಲಿಂದ ಬಂತು? ಇಲ್ಲಿಂದ ಮುಂದೆ ದಾರಿ ನಮ್ಮ ಕಡೆ ತಿರುಗುತ್ತದೆ.

ಪಂಚತಂತ್ರದ ಐದನೆಯ ತಂತ್ರದ ಹೆಸರು ಅಪರೀಕ್ಷಿತಕಾರಕ. ಹಿಂದುಮುಂದು ನೋಡದೆ ಮಾಡಿದ ಕೆಲಸ ಅಂತ ಅರ್ಥ. ಬ್ರಾಹ್ಮಣನ ಮನೆಯ ಮುಂಗುಸಿ ಇರುವುದು ಅಲ್ಲಿ. 6ನೇ ಶತಮಾನದಲ್ಲಿ ಪರ್ಷಿಯಾವನ್ನು ಆಳುತ್ತಿದ್ದ ಖುಸ್ರೋ ಅನುಶಿರ್ವಾನ್‌ನ ಆಸ್ಥಾನದಲ್ಲಿ ಬುರ್ಜೋಯ್ ಎಂಬ ವೈದ್ಯನಿದ್ದ. ಅವನು ಪಂಚತಂತ್ರವನ್ನು ಆಗಿನ ಪರ್ಷಿಯಾದ ಭಾಷೆಯಾದ ಪಹ್ಲವಿಗೆ ತಂದ. ಆ ಪಹ್ಲವಿ ಪ್ರತಿ ಕಳೆದುಹೋಗಿದೆ. ಅದೃಷ್ಟಕ್ಕೆ ಸುಮಾರು 750ರಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬ್ಬಿಗೆ ಅನುವಾದ ಮಾಡಿದ್ದ. ಎರಡು ನರಿಗಳ ಹೆಸರಿನಿಂದ ಅದನ್ನು 'ಕಲೀಲಾ ವ ದಿಮ್ನಾ' ಎಂದು ಕರೆದರು. ನಮ್ಮ ಕರಟಕ, ದಮನಕರೇ ಅವರು. ಹೆಸರು ಉಚ್ಚರಿಸಿ ನೋಡಿ, ಗುರುತು ಹತ್ತುತ್ತದೆ. ಅರಬ್ಬಿಯಿಂದ ಹೀಬ್ರೂ, ಹೀಬ್ರೂವಿನಿಂದ 13ನೇ ಶತಮಾನದಲ್ಲಿ ಲ್ಯಾಟಿನ್. ಲ್ಯಾಟಿನ್‌ಗೆ ಬಂತು ಅಂದರೆ ಯುರೋಪಿನ ಪ್ರತಿ ಮಠದ ಬಾಗಿಲು ತೆರೆದಂತೆ.

ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದು 1031ರಲ್ಲಿ. ಲ್ಯಾಟಿನ್ ಪ್ರತಿಗಿಂತ ಇನ್ನೂರು ವರ್ಷಕ್ಕೂ ಹಿಂದೆ.

ಕಥೆ ಇನ್ನೊಂದು ದಾರಿಯಲ್ಲೂ ನಡೆಯಿತು. ವೇಲ್ಸ್‌ಗೆ ನೇರವಾಗಿ ಮುಟ್ಟಿದ್ದು ಆ ದಾರಿಯೇ. ಮಧ್ಯಯುಗದ ಯುರೋಪಿನಲ್ಲಿ 'ರೋಮಿನ ಏಳು ಜ್ಞಾನಿಗಳು' ಎಂಬ ಕಥೆಮಾಲೆ ತುಂಬ ಹರಡಿತ್ತು. ಅದು ಪೂರ್ವದೇಶಗಳಲ್ಲಿ ಸಿಂದಬಾದನ ಪುಸ್ತಕ ಎಂದು ಹೆಸರಾಗಿದ್ದ ಕಥೆಗಳ ಯುರೋಪಿನ ರೂಪ. ಅದರ ಚೌಕಟ್ಟು ಹೀಗಿದೆ. ಮಲತಾಯಿಯೊಬ್ಬಳು ರಾಜಕುಮಾರನ ಮೇಲೆ ಸುಳ್ಳು ಆರೋಪ ಹೊರಿಸುತ್ತಾಳೆ. ರಾಜ ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ಹುಡುಗ ಏಳು ದಿನ ಬಾಯಿ ಬಿಡುವಂತಿಲ್ಲ. ಆ ಏಳು ದಿನ ಅವನ ಏಳು ಗುರುಗಳು ದಿನಕ್ಕೊಬ್ಬರಂತೆ ಬಂದು ಒಂದೊಂದು ಕಥೆ ಹೇಳಿ ಶಿಕ್ಷೆಯನ್ನು ನಾಳೆಗೆ ತಳ್ಳುತ್ತಾರೆ. ಮೊದಲ ಗುರು ಹೇಳುವ ಕಥೆ ಯಾವುದು ಗೊತ್ತಾ? ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿ, ಯಜಮಾನನ ಕೈಯಲ್ಲೇ ಸತ್ತ ನಾಯಿಯದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕಥೆ ಇಷ್ಟು ದೂರ ನಡೆದದ್ದು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ ಅಂತ ನನ್ನ ನಂಬಿಕೆ. ಇದು ಮಕ್ಕಳನ್ನು ಮಲಗಿಸಲು ಹುಟ್ಟಿದ ಕಥೆಯಲ್ಲ. ಪಂಚತಂತ್ರದಲ್ಲೂ ಏಳು ಜ್ಞಾನಿಗಳಲ್ಲೂ ಇದನ್ನು ಹೇಳುವುದು ಅಧಿಕಾರ ಇರುವವರಿಗೆ. ಕೈಯಲ್ಲಿ ಕತ್ತಿ ಇದ್ದವನಿಗೆ 'ತಡೆ, ವಿಚಾರಿಸು' ಅಂತ ನೇರವಾಗಿ ಹೇಳಿದರೆ ಹೇಳಿದವನ ತಲೆಯೇ ಹೋಗಬಹುದು. ನಾಯಿಯ ಕಥೆ ಹೇಳಿದರೆ ರಾಜನೂ ಕೂತು ಕೇಳುತ್ತಾನೆ. ಒಬ್ಬ ಹುಡುಗನ ಜೀವ ಒಂದು ದಿನ ಉಳಿಯುತ್ತದೆ. ಇಂಥ ಉಪಯೋಗದ ಕಥೆ ಎಲ್ಲ ಆಸ್ಥಾನಕ್ಕೂ ಬೇಕಾಗಿತ್ತು.

ಏಳು ಜ್ಞಾನಿಗಳ ಕಥೆ 14ನೇ ಶತಮಾನದ ಹೊತ್ತಿಗೆ ವೆಲ್ಶ್ ಭಾಷೆಗೂ ಬಂದಿತ್ತು. ವೆಲ್ಶ್ ಸಾಹಿತ್ಯದ ಬಹು ಮುಖ್ಯ ಹಸ್ತಪ್ರತಿ ಹೆರ್ಗೆಸ್ಟ್‌ನ ಕೆಂಪು ಪುಸ್ತಕ. ಅದರಲ್ಲಿ ಈ ಕಥೆಮಾಲೆ ಇದೆ. ಆಗಿನ್ನೂ ನಾಯಿ ಕೊಲ್ಲುವುದು ಹಾವನ್ನೇ. ಲೆವೆಲಿನ್ ಇಲ್ಲ, ಬೆದ್‌ಗೆಲೆರ್ಟ್ ಇಲ್ಲ. ಕಥೆ ಊರಿಗೆ ಬಂದು, ತನ್ನದೊಂದು ಜಾಗ ಹುಡುಕುತ್ತಾ ನಾನೂರು ವರ್ಷ ಓಡಾಡಿಕೊಂಡಿತ್ತು. ಇತ್ತ ಒಂದು ಹಳ್ಳಿ ತನ್ನ ಹೆಸರಿಗೊಂದು ಕಥೆ ಇಲ್ಲದೆ ಕಾಯುತ್ತಿತ್ತು. ಪ್ರಿಚರ್ಡ್ ಎರಡನ್ನೂ ಜೋಡಿಸಿದ.

ದಾರಿಯುದ್ದಕ್ಕೂ ಪ್ರಾಣಿಗಳು ಬದಲಾದದ್ದಕ್ಕೂ ಕಾರಣವಿದೆ. ಕೇಳುವವರಿಗೆ ಗೊತ್ತಿಲ್ಲದ ಪ್ರಾಣಿಯಿಂದ ಕರುಳು ಚುರುಕ್ ಅನ್ನುವುದಿಲ್ಲ. ಮನೆಯಲ್ಲಿ ಮುಂಗುಸಿ ಸಾಕುವ ರೂಢಿ ನಮ್ಮಲ್ಲಿ ಇತ್ತು. ಅರಬ್ಬಿಯಲ್ಲಿ ಅದರ ಜಾಗಕ್ಕೆ ವೀಸೆಲ್ ಬಂತು, ಅದೂ ಮುಂಗುಸಿಯಂಥದೇ ಉದ್ದ ಮೈಯ ಪುಟ್ಟ ಬೇಟೆಗಾರ. ಯುರೋಪಿನ ಮನೆಯೊಳಗೆ ನಂಬಿಕೆಯ ಪ್ರಾಣಿ ಅಂದರೆ ನಾಯಿ. ವೇಲ್ಸ್‌ನ ಕುರಿಗಾಹಿಗಳ ಬೆಟ್ಟದಲ್ಲಿ ಹಾವಿಗಿಂತ ತೋಳ ಭಯ ಹುಟ್ಟಿಸುವ ಹೆಸರು. ಬದಲಾಗದೆ ಉಳಿದದ್ದು ಎರಡೇ, ತೊಟ್ಟಿಲು ಮತ್ತು ಬಾಯಿಯ ರಕ್ತ. ಅವೆರಡು ಇಲ್ಲದಿದ್ದರೆ ಕಥೆಯೇ ಇಲ್ಲ. ಜನಪದ ಕಥೆಗಳನ್ನು ವಿಂಗಡಿಸುವ ವಿದ್ವಾಂಸರು ಇದಕ್ಕೆ 178ಎ ಎಂಬ ಸಂಖ್ಯೆ ಕೊಟ್ಟಿದ್ದಾರೆ. ಮುಂಗುಸಿಯೂ ಗೆಲೆರ್ಟ್ ಕೂಡ ಆ ಒಂದೇ ಸಂಖ್ಯೆಯ ಕೆಳಗೆ ಬರುತ್ತಾರೆ.

ಇದೇ ನಾಯಿ ಫ್ರಾನ್ಸಿನಲ್ಲಿ ದೇವರಾದದ್ದೂ ಉಂಟು. 13ನೇ ಶತಮಾನದಲ್ಲಿ ಸ್ಟೀಫನ್ ಎಂಬ ಪಾದ್ರಿ ಲಿಯೋನ್ ನಗರದ ಹತ್ತಿರದ ಹಳ್ಳಿಗಳಲ್ಲಿ ಪಾಪನಿವೇದನೆ ಕೇಳುತ್ತಿದ್ದ. ಎಷ್ಟೋ ಹೆಂಗಸರು ಸಂತ ಗಿನ್‌ಫೋರ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು ಎಂದರು. ಯಾರು ಈ ಸಂತ ಅಂತ ವಿಚಾರಿಸಿದರೆ, ಅದೊಂದು ಗ್ರೇಹೌಂಡ್! ಮಗುವನ್ನು ಹಾವಿನಿಂದ ಉಳಿಸಿ, ಯಜಮಾನನ ಕತ್ತಿಗೆ ಸತ್ತ ನಾಯಿ. ಅದನ್ನು ಕೋಟೆಬಾಗಿಲ ಬಾವಿಗೆ ಹಾಕಿ, ಮೇಲೆ ಕಲ್ಲು ರಾಶಿ ಹಾಕಿ, ಸುತ್ತ ಮರ ನೆಟ್ಟಿದ್ದರಂತೆ. ಕೋಟೆ ಹಾಳಾಯಿತು, ಮರಗಳು ಬೆಳೆದವು. ಕಾಯಿಲೆ ಬಿದ್ದ ಕೂಸುಗಳನ್ನು ತಾಯಂದಿರು ಅಲ್ಲಿಗೆ ಎತ್ತಿಕೊಂಡು ಬಂದರು. ಪಾದ್ರಿ ನಾಯಿಯ ಮೂಳೆ ಅಗೆಸಿ, ಮರ ಕಡಿಸಿ, ಎರಡನ್ನೂ ಸೇರಿಸಿ ಸುಡಿಸಿದ. ಆದರೂ ಜನ ಬಿಡಲಿಲ್ಲ. 19ನೇ ಶತಮಾನದಲ್ಲೂ ಹೆಂಗಸರು ಆ ಕಾಡಿಗೆ ಹೋಗುತ್ತಿದ್ದರು. ಕಾಯಿಲೆಯ ಮಗುವನ್ನು ಹೊತ್ತ ತಾಯಿಗೆ, ಮಗುವಿಗಾಗಿ ಜೀವ ಕೊಟ್ಟ ನಾಯಿಗಿಂತ ಹತ್ತಿರದ ದೇವರು ಯಾರು?

ಬೆದ್‌ಗೆಲೆರ್ಟ್‌ನ ಕಥೆಗಳು ನಾಯಿಗೇ ಮುಗಿಯುವುದಿಲ್ಲ. ಊರಿನಿಂದ ಗ್ಲಾಸ್‌ಲಿನ್ ಹೊಳೆಯ ಜೊತೆ ಮೇಲಕ್ಕೆ ಒಂದು ಮೈಲಿ ಚಿಲ್ಲರೆ ನಡೆದರೆ ಮರ ತುಂಬಿದ ಒಂದು ಗುಡ್ಡ ಬರುತ್ತದೆ. ಅದರ ಹೆಸರು ಡಿನಾಸ್ ಎಮ್ರಿಸ್. ವೇಲ್ಸ್‌ನ ಬಾವುಟದ ಮೇಲಿನ ಕೆಂಪು ಡ್ರ್ಯಾಗನ್‌ನ ತವರು ಇದು.

ರೋಮನ್ನರು ಬ್ರಿಟನ್ ಬಿಟ್ಟುಹೋದ ಮೇಲೆ ಅಲ್ಲಿ ವೋರ್ಟಿಗರ್ನ್ ಎಂಬ ರಾಜ ಇದ್ದನಂತೆ. ಹೊರಗಿನಿಂದ ನಾಡಿಗೆ ನುಗ್ಗಿದ ಸ್ಯಾಕ್ಸನ್ನರಿಂದ ತಪ್ಪಿಸಿಕೊಂಡು ಬಂದು ಈ ಗುಡ್ಡದ ಮೇಲೆ ಕೋಟೆ ಕಟ್ಟತೊಡಗಿದ. ಹಗಲು ಕಟ್ಟಿದ್ದು ರಾತ್ರಿ ಮಾಯ. ತಂದೆಯಿಲ್ಲದ ಹುಡುಗನ ರಕ್ತ ಚೆಲ್ಲಿದರೆ ಗೋಡೆ ನಿಲ್ಲುತ್ತದೆ ಅಂತ ಮಂತ್ರವಾದಿಗಳು ಹೇಳಿದರು. ಕೆರೆಗೆ ಹಾರವಾದ ಭಾಗೀರಥಿಯ ಹಾಡು ಕೇಳಿದ ನಮಗೆ ಈ ಮಾತು ಹೊಸದಲ್ಲ. ಹುಡುಗನನ್ನು ಹಿಡಿದು ತಂದರು. ಅವನು ಹೆದರಲಿಲ್ಲ. ಈ ನೆಲದ ಕೆಳಗೆ ಏನಿದೆ ಅಂತ ನಿಮ್ಮ ಪಂಡಿತರನ್ನು ಕೇಳಿ, ಎಂದ. ಅವರಿಗೆ ಗೊತ್ತಿರಲಿಲ್ಲ. ಅಗೆಯಿರಿ, ಎಂದ. ಅಗೆದರೆ ಒಂದು ಹೊಂಡ. ಅದರೊಳಗೆ ಎರಡು ಡ್ರ್ಯಾಗನ್‌ಗಳು, ಒಂದು ಕೆಂಪು, ಒಂದು ಬಿಳಿ. ಎಚ್ಚೆತ್ತು ಕಾದಾಡಿದವು. ಮೊದಮೊದಲು ಸೋತ ಕೆಂಪು ಕೊನೆಗೆ ಬಿಳಿಯದನ್ನು ಓಡಿಸಿತು. ಕೆಂಪು ನಮ್ಮವರು, ಬಿಳಿ ಸ್ಯಾಕ್ಸನ್ನರು ಅಂತ ಹುಡುಗ ಅರ್ಥ ಹೇಳಿದ. ರಾಜ ಆ ಕೋಟೆಯನ್ನು ಹುಡುಗನಿಗೇ ಬಿಟ್ಟು ಹೊರಟುಹೋದ.

ಈ ಕಥೆಯನ್ನು ಸುಮಾರು 830ರಲ್ಲಿ, ಬ್ರಿಟನ್ನರ ಇತಿಹಾಸ ಎಂದು ಲ್ಯಾಟಿನ್‌ನಲ್ಲಿ ಬರೆದ ಒಂದು ಗ್ರಂಥದಲ್ಲಿ ಮೊದಲು ಕಾಣುತ್ತೇವೆ. ಅದರಲ್ಲಿ ಹುಡುಗನ ಹೆಸರು ಅಂಬ್ರೋಸಿಯಸ್, ವೆಲ್ಶ್‌ನಲ್ಲಿ ಎಮ್ರಿಸ್. ಮುನ್ನೂರು ವರ್ಷದ ನಂತರ ಮಾನ್‌ಮತ್‌ನ ಜೆಫ್ರಿ ಎಂಬ ಲೇಖಕ ಅವನನ್ನು ಆರ್ಥರ್ ರಾಜನ ಕಥೆಗಳ ಮಂತ್ರವಾದಿ ಮೆರ್ಲಿನ್ ಮಾಡಿದ. 1950ರ ದಶಕದಲ್ಲಿ ಪುರಾತತ್ತ್ವದವರು ಗುಡ್ಡ ಅಗೆದರು. ಆ ಹೊಂಡ ನಿಜವಾಗಿಯೂ ಇತ್ತು, ಮನುಷ್ಯರೇ ಮಾಡಿದ್ದು. ರೋಮನ್ನರು ಹೋದ ಮೇಲಿನ ಕಾಲದಲ್ಲಿ ಅಲ್ಲಿ ಜನವಸತಿ ಇದ್ದ ಗುರುತುಗಳೂ ಸಿಕ್ಕವು. ಡ್ರ್ಯಾಗನ್‌ಗೆ ಇದು ಪುರಾವೆಯಲ್ಲ. ಗುಡ್ಡದ ನೆತ್ತಿಯಲ್ಲಿ ನೀರು ನಿಂತ ಹೊಂಡ ಯಾಕಿದೆ ಅಂತ ಹಿಂದೆ ಯಾರೋ ಕೇಳಿರಬೇಕು, ಊರ ಹೆಸರಿನಲ್ಲಿ ಸಮಾಧಿ ಯಾಕಿದೆ ಅಂತ ಕೇಳಿದ ಹಾಗೆಯೇ.

ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟಾಗ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು. ಗುಡ್ಡದ ಮೇಲಿನ ರಾಜ ಕ್ರೂರಿ, ಎಲ್ಲ ಪುರಾಣಗಳೂ ಅವನನ್ನು ಬೈಯುತ್ತವೆ. ಆದರೆ ಕೊಲ್ಲುವ ಮೊದಲು ಹುಡುಗನ ಮಾತು ಕೇಳಿದ. ಕಣಿವೆಯ ರಾಜ ಒಳ್ಳೆಯವನು, ನಾಡಿನ ಹೆಮ್ಮೆ. ಅವನು ಕೇಳಲಿಲ್ಲ. ಅವನ ಮುಂದೆ ಇದ್ದದ್ದು ಮಾತು ಬಾರದ ಪ್ರಾಣಿ.

ಈಗ ಗೆಲೆರ್ಟನ ಸಮಾಧಿಯನ್ನು ಬ್ರಿಟನ್ನಿನ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತದೆ. ಹತ್ತಿರದ ಪಾಳು ಮನೆಯೊಂದರಲ್ಲಿ ಕಂಚಿನ ನಾಯಿಯೂ ನಿಂತಿದೆ. ಊರ ಪಕ್ಕದ ಸಿಗನ್ ತಾಮ್ರದ ಗಣಿ 1903ರಲ್ಲಿ ಮುಚ್ಚಿತ್ತು. ಈಗ ಅದನ್ನು ಪ್ರವಾಸಿಗಳಿಗೆ ತೋರಿಸುತ್ತಾರೆ. 1930ರ ದಶಕದಲ್ಲಿ ನಿಂತುಹೋಗಿದ್ದ ಪುಟ್ಟ ರೈಲು 2009ರಲ್ಲಿ ಮತ್ತೆ ಬೆದ್‌ಗೆಲೆರ್ಟ್‌ಗೆ ಬಂತು. ಕಥೆ ನಿಜವಲ್ಲ ಅಂತ ಬಂದವರಲ್ಲಿ ಎಷ್ಟೋ ಜನಕ್ಕೆ ಗೊತ್ತು. ಆದರೂ ಹೊಳೆಯ ದಂಡೆಯಲ್ಲಿ ನಡೆದು ಹೋಗಿ, ಸ್ಲೇಟಿನ ಮೇಲಿನ ಅಕ್ಷರ ಓದಿ, ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾರೆ.

ಪ್ರಿಚರ್ಡ್ 1821ರಲ್ಲಿ ತೀರಿಕೊಂಡ. ಊರವರು ಅವನ ಮೇಲೂ ಒಂದು ಕಥೆ ಕಟ್ಟಿದರು. ಉಯಿಲು ಬರೆಯದೆ, ದುಡ್ಡು ಎಲ್ಲಿಟ್ಟಿದ್ದೇನೆ ಅಂತ ಹೆಂಡತಿಗೂ ಹೇಳದೆ ಹೋದನಂತೆ. ಆಮೇಲೆ ರಾತ್ರಿ ಹೋಟೆಲಿನ ಸುತ್ತ ಅವನ ಓಡಾಟ ಶುರುವಾಯಿತು. ಎಲ್ಲರೂ ಹೆದರಿ ದೂರ ಸರಿದರು. ಅವನ ಹಳೆಯ ಆಳು ಒಬ್ಬ ಮಾತ್ರ ನಿಂತು, ಏನು ಬೇಕು ಯಜಮಾನರೇ ಅಂತ ಕೇಳಿದ. ಒಲೆಯ ಮುಂದಿನ ಹಾಸುಗಲ್ಲಿನ ಕೆಳಗೆ ನೂರು ಚಿನ್ನದ ಗಿನಿ ಇವೆ, ನಮ್ಮವಳಿಗೆ ಹೇಳು, ಅದರಲ್ಲಿ ಎರಡು ನಿನಗೆ, ಅಂದಿತು ದೆವ್ವ. ಕಲ್ಲು ಎತ್ತಿದರು. ಗಿನಿಗಳು ಅಲ್ಲೇ ಇದ್ದವು. ಆಳಿಗೆ ಎರಡು ಸಿಕ್ಕವು, ಪ್ರಿಚರ್ಡ್ ಮತ್ತೆ ಕಾಣಿಸಿಕೊಳ್ಳಲಿಲ್ಲ.